ಕಿತ್ತರೆ ಸಿಗುವುದೆಷ್ಟು? ಟರ್ಬೊ ಕಾರು, ಕ್ಯಾಟ್ ಮತ್ತು ಕಾನೂನು

ಸ್ಪೋರ್ಟ್ಸ್ ಕಾರು ಮಾಡಿಫೈ ಮಾಡುವವರ ನಡುವೆ ಐವತ್ತು ವರ್ಷದಿಂದ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಹೊಗೆ ಕಡಿಮೆ ಮಾಡಲೆಂದು ಕಂಪನಿ ಹಾಕಿದ ಭಾಗಗಳೆಲ್ಲ ಎಂಜಿನ್ನಿನ ಕತ್ತು ಹಿಸುಕುತ್ತವೆ, ಅವನ್ನು ಕಿತ್ತರೆ ಒಳಗೆ ಅಡಗಿದ ಪವರ್ ಹೊರಗೆ ಬರುತ್ತದೆ ಎಂಬುದು. ಮಾತು ಪೂರ್ತಿ ಸುಳ್ಳಲ್ಲ. ಆದರೆ ಅದು ಹುಟ್ಟಿದ ಕಾಲದ ಕಾರುಗಳು ಬೇರೆ, ಇವತ್ತು ಗ್ಯಾರೇಜಿನ ಲಿಫ್ಟ್ ಏರುವ ಕಾರುಗಳು ಬೇರೆ. ಒಂದೊಂದೇ ಭಾಗವನ್ನು ಬಿಡಿಸಿ ನೋಡಿದರೆ ಕಿತ್ತಾಗ ಲಾಭ ಕೊಡುವುದು ಒಂದೋ ಎರಡೋ. ಉಳಿದವುಗಳಿಂದ ಸಿಗುವುದು ಪೆಟ್ರೋಲ್ ವಾಸನೆ, ಆರದ ಚೆಕ್ ಎಂಜಿನ್ ಲೈಟು ಮತ್ತು ದಂಡ.

ನಂಬಿಕೆಯ ಬೇರು ಅಮೆರಿಕದ ಎಪ್ಪತ್ತರ ದಶಕದಲ್ಲಿದೆ. ಷೆವರ್ಲೆ ಕಾರ್ವೆಟ್‌ನ ಸಾಮಾನ್ಯ 350 ಘನ ಇಂಚಿನ ಎಂಜಿನ್ 1970ರಲ್ಲಿ 300 ಕುದುರೆಶಕ್ತಿ ಎಂದು ಮಾರಾಟವಾಯಿತು. 1975ರಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಕ್ಯಾಟ್, ಬಂದಾಗ ಅದು 165. ಎದುರುಬದುರು ಇಟ್ಟರೆ ಕ್ಯಾಟ್ ಅರ್ಧ ಎಂಜಿನ್ನನ್ನೇ ನುಂಗಿದಂತೆ ಕಾಣುತ್ತದೆ. ನಡುವಿನ ವರ್ಷಗಳನ್ನು ನೋಡಿದರೆ ಕಥೆ ಬೇರೆ. 1971ರಲ್ಲಿ ಸೀಸವಿಲ್ಲದ ಪೆಟ್ರೋಲಿಗೆ ತಯಾರಾಗಲು ಕಂಪ್ರೆಷನ್ ಇಳಿಸಿದರು, ಶಕ್ತಿ 270ಕ್ಕೆ ಬಂತು. ಅದೇ ಹೊತ್ತಿಗೆ ಅಳೆಯುವ ಕ್ರಮವೂ ಬದಲಾಯಿತು. ಮೊದಲು ಏರ್ ಫಿಲ್ಟರ್, ಸೈಲೆನ್ಸರ್ ಯಾವುದೂ ಇಲ್ಲದ ಬರಿಯ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆಯುತ್ತಿದ್ದರು. ಆಮೇಲೆ ಎಲ್ಲ ಜೋಡಿಸಿ ಅಳೆದರು. ಅದೇ 1971ರ ಎಂಜಿನ್ ಹಳೆಯ ಲೆಕ್ಕದಲ್ಲಿ 270, ಹೊಸ ಲೆಕ್ಕದಲ್ಲಿ 210. 1974ರಲ್ಲಿ 195, ಕ್ಯಾಟ್ ಬಂದ ವರ್ಷ 165. ಅಂದರೆ ಕಳೆದುಹೋದ 135ರಲ್ಲಿ ಕ್ಯಾಟ್ ಬಂದ ವರ್ಷದ ಪಾಲು 30 ಮಾತ್ರ. ಆ ಮೂವತ್ತಕ್ಕೂ ಕಾರಣವಿತ್ತು. ಗುಂಡುಗಳನ್ನು ತುಂಬಿದ ಡಬ್ಬಿಯಂಥ ಒಂದೇ ಕ್ಯಾಟ್, ಎರಡು ಕಡೆಯ ಹೊಗೆ ಕೊಳವೆಗಳನ್ನು ಅದಕ್ಕೆ ತಂದು ಸೇರಿಸಿದ ಜೋಡಣೆ. ಅಂಥ ಕಾರಿನಿಂದ ಅದನ್ನು ಕಿತ್ತವನಿಗೆ ವ್ಯತ್ಯಾಸ ಕಂಡದ್ದು ನಿಜವೇ. 2025ರ ಕಾರ್ವೆಟ್ ಜ಼ಡ್‌ಆರ್1 ಕ್ಯಾಟ್, ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ಇಂಗಾಲದ ಡಬ್ಬಿ ಎಲ್ಲವನ್ನೂ ಹೊತ್ತುಕೊಂಡೇ 1,064 ಕುದುರೆಶಕ್ತಿ ಕೊಡುತ್ತದೆ. ಸಮಸ್ಯೆ ಕ್ಯಾಟ್‌ನದ್ದಲ್ಲ, ಆಗಿನ ವಿನ್ಯಾಸದ್ದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈಗಿನ ಕ್ಯಾಟ್‌ನ ಒಳಗೆ ಸೆರಾಮಿಕ್ಕಿನ ಅಥವಾ ತೆಳು ಲೋಹದ ಹಾಳೆಯ ಜೇನುಗೂಡು. ಒಂದು ಚದರ ಇಂಚಿಗೆ 400ರಿಂದ 600 ರಂಧ್ರ. ಗೋಡೆಗಳ ಮೇಲೆ ಅಲ್ಯುಮಿನಾ ಲೇಪ, ಅದರಲ್ಲಿ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಕಣಗಳು; ಜೊತೆಗೆ ಆಮ್ಲಜನಕವನ್ನು ಹಿಡಿದಿಟ್ಟು ಬೇಕಾದಾಗ ಬಿಡುವ ಸೀರಿಯಂ ಆಕ್ಸೈಡ್. ಕಾರ್ಬನ್ ಮೊನಾಕ್ಸೈಡ್ ಮತ್ತು ಅರೆಬೆಂದ ಪೆಟ್ರೋಲನ್ನು ಇದು ಪೂರ್ತಿ ಉರಿಸುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಒಡೆದು ಸಾದಾ ನೈಟ್ರೋಜನ್ ಮಾಡುತ್ತದೆ. ಮೂರೂ ಒಟ್ಟಿಗೆ ಆಗಬೇಕಾದರೆ ಗಾಳಿ–ಪೆಟ್ರೋಲ್ ಅನುಪಾತ 14.7ರ ಆಸುಪಾಸಿನ ಸಣ್ಣ ಕಿಂಡಿಯಲ್ಲೇ ನಿಲ್ಲಬೇಕು, ಕ್ಯಾಟ್ 250ರಿಂದ 300 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು. ಬಿಸಿಯಾದ ಒಳ್ಳೆಯ ಕ್ಯಾಟ್ ಶೇಕಡಾ 95ರಷ್ಟನ್ನು ಶುದ್ಧ ಮಾಡುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ಕಿತ್ತರೆ ಆ ಒಂದು ಕಾರು 20 ಕಾರುಗಳ ಹೊಗೆ ಬಿಡುತ್ತದೆ.

ಸುಬಾರು ಡಬ್ಲ್ಯುಆರ್‌ಎಕ್ಸ್: ಒಂದು ಕಾರು, ಹಲವು ಭಾಗ

ಯಾವ ಭಾಗದಿಂದ ಎಷ್ಟು ಎಂದು ಲೆಕ್ಕ ಹಾಕಲು 2002ರಿಂದ 2005ರವರೆಗೆ ಅಮೆರಿಕದಲ್ಲಿ ಮಾರಾಟವಾದ ಸುಬಾರು ಇಂಪ್ರೆಜ಼ಾ ಡಬ್ಲ್ಯುಆರ್‌ಎಕ್ಸ್ ಒಳ್ಳೆಯ ಉದಾಹರಣೆ. 2 ಲೀಟರ್ ಟರ್ಬೊ ಎಂಜಿನ್, 227 ಕುದುರೆಶಕ್ತಿ. ಟರ್ಬೊ ಎಂದರೆ ಹೊಗೆಯ ಬಲದಿಂದ ಟರ್ಬೈನ್ ಚಕ್ರ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ. ಅಲ್ಲಿ ಮಾಡಿಫಿಕೇಶನ್‌ನ ಪಾಠಶಾಲೆ ಎನ್ನಿಸಿಕೊಂಡ ಕಾರು.

ಇದರಲ್ಲಿ ವಿಚಿತ್ರವಾದದ್ದು ಅಪ್‌ಪೈಪ್. ಎಂಜಿನ್ನಿನ ಅಡಿಯಿಂದ ಹೊಗೆಯನ್ನು ಮೇಲೆ ಟರ್ಬೊಗೆ ಒಯ್ಯುವ ಈ ಕೊಳವೆಯೊಳಗೇ ಸುಬಾರು ಒಂದು ಸಣ್ಣ ಕ್ಯಾಟ್ ಇಟ್ಟಿತ್ತು, ಅಂದರೆ ಟರ್ಬೊಗೂ ಮೊದಲು. ಉದ್ದೇಶ ಸರಿ: ಎಂಜಿನ್ನಿಗೆ ಹತ್ತಿರವಿದ್ದಷ್ಟೂ ಕ್ಯಾಟ್ ಬೇಗ ಬಿಸಿಯಾಗುತ್ತದೆ, ತಣ್ಣನೆಯ ಸ್ಟಾರ್ಟ್‌ನ ಮೊದಲ ಒಂದೆರಡು ನಿಮಿಷದಲ್ಲೇ ಹೆಚ್ಚು ಹೊಗೆ ಹೊರಬೀಳುವುದು. ಆದರೆ ಅಲ್ಲಿ ಹೊಗೆ 800 ಡಿಗ್ರಿ ಮೀರುತ್ತದೆ. ವರ್ಷಗಳ ಮೇಲೆ ಜೇನುಗೂಡು ಬಿರುಕು ಬಿಟ್ಟು ಚೂರಾದರೆ, ಆ ಚೂರು ನೇರ ಹೋಗುವುದು ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಟರ್ಬೈನ್ ಚಕ್ರಕ್ಕೆ. ಜೊತೆಗೆ ಟರ್ಬೊ ತಿರುಗಿಸಬೇಕಾದ ಹೊಗೆಯ ಒತ್ತಡವನ್ನೂ ಶಾಖವನ್ನೂ ಈ ಕ್ಯಾಟ್ ಮೊದಲೇ ತಿನ್ನುತ್ತದೆ. ಕಿತ್ತವರಿಗೆ ಟರ್ಬೊ ಬೇಗ ಎದ್ದ ಅನುಭವ ಸುಳ್ಳಲ್ಲ, ಟರ್ಬೊ ಉಳಿದದ್ದೂ ಸುಳ್ಳಲ್ಲ. 2006ರಿಂದ ಸುಬಾರು ತಾನೇ ಆ ಜಾಗದಿಂದ ಕ್ಯಾಟ್ ತೆಗೆದು, ಸ್ಟಾರ್ಟ್ ಆದ ಕೂಡಲೆ ಹೊಗೆಯೊಳಕ್ಕೆ ತಾಜಾ ಗಾಳಿ ಊದುವ ಪಂಪಿನ ದಾರಿ ಹಿಡಿಯಿತು. ಇಡೀ ಚರ್ಚೆಯಲ್ಲಿ ಕೀಳುವವರ ವಾದಕ್ಕೆ ನಿಜವಾದ ತೂಕ ಇರುವುದು ಈ ಒಂದು ಕಡೆ. ಕಾನೂನು ಮಾತ್ರ ಇದಕ್ಕೂ ವಿನಾಯಿತಿ ಕೊಡುವುದಿಲ್ಲ.

ಟರ್ಬೊ ದಾಟಿದ ಮೇಲೆ ಡೌನ್‌ಪೈಪ್, ಅದರಲ್ಲಿ ದೊಡ್ಡ ಕ್ಯಾಟ್. ಎಲ್ಲರ ಕಣ್ಣೂ ಇದರ ಮೇಲೇ. ಟರ್ಬೈನ್ ಕೆಲಸ ಮಾಡುವುದು ಅದರ ಹಿಂದಿನ ಮತ್ತು ಮುಂದಿನ ಒತ್ತಡದ ಅನುಪಾತದ ಮೇಲೆ. ಒಳಬರುವ ಕಡೆ 2.4 ಬಾರ್, ಹೊರಹೋಗುವ ಕಡೆ 1.3 ಬಾರ್ ಇದ್ದರೆ ಅನುಪಾತ 1.85, ಹೊರಗಿನದು 1.1ಕ್ಕೆ ಇಳಿದರೆ 2.18. ಹಾಗಾಗಿ ಟರ್ಬೊ ಕಾರಿನಲ್ಲಿ ಡೌನ್‌ಪೈಪ್ ಬದಲಾವಣೆ ಟರ್ಬೊ ಇಲ್ಲದ ಕಾರಿಗಿಂತ ಎಷ್ಟೋ ಹೆಚ್ಚು ಕೆಲಸ ಮಾಡುತ್ತದೆ. ಆದರೆ ಆ ಲಾಭದಲ್ಲಿ ಕ್ಯಾಟ್ ಇಲ್ಲದ್ದರ ಪಾಲು ಎಷ್ಟು? ಕಂಪನಿಯ ಇಕ್ಕಟ್ಟಾದ ಕೊಳವೆ ಹೋಗಿ 76 ಮಿಲಿಮೀಟರ್ ಕೊಳವೆ ಬಂತು, ಬಾಗುಗಳು ಸಲೀಸಾದವು, ಟ್ಯೂನ್ ಮಾಡುವವ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿ ಕಿಡಿಯ ಟೈಮಿಂಗ್ ತಿದ್ದಿದ. ಹೆಚ್ಚಿನ ಪವರ್ ಬಂದದ್ದು ಅಲ್ಲಿಂದ. ಅದೇ ದಪ್ಪ ಕೊಳವೆಗೆ 200ರಿಂದ 300 ರಂಧ್ರದ ಲೋಹದ ಕ್ಯಾಟ್ ಕೂರಿಸಿ ಅದೇ ಟ್ಯೂನ್ ಹಾಕಿದರೆ, 300 ಕುದುರೆಶಕ್ತಿಯ ಆಸುಪಾಸಿನ ಕಾರಿನಲ್ಲಿ ವ್ಯತ್ಯಾಸ ಪವರ್ ಅಳೆಯುವ ಡೈನೋ ಯಂತ್ರದ ಹಾಳೆಯಲ್ಲಿ ಹುಡುಕಬೇಕಾದಷ್ಟು. ರಸ್ತೆಯಲ್ಲಿ ಯಾರಿಗೂ ಗೊತ್ತಾಗದು. ವಾಸನೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಟ್ಯೂನ್ ಮಾಡದೆ ಬರೀ ಕೊಳವೆ ಬದಲಿಸಿದರೆ ಏನಾಗುತ್ತದೆ ಎಂಬುದು ಇನ್ನೂ ಮುಖ್ಯ. ಬೂಸ್ಟ್ ಹೆಚ್ಚಾದಾಗ ಹೊಗೆಯನ್ನು ಟರ್ಬೈನ್ ತಪ್ಪಿಸಿ ಬಿಡುವ ಬಾಗಿಲೇ ವೇಸ್ಟ್‌ಗೇಟ್. ಕಂಪನಿ ಅದರ ಗಾತ್ರವನ್ನು ಕ್ಯಾಟ್ ಇರುವ ಕೊಳವೆಗೆ ಲೆಕ್ಕ ಹಾಕಿ ಇಟ್ಟಿರುತ್ತದೆ. ಮುಂದಿನ ದಾರಿ ಸಲೀಸಾದಾಗ, ಬಾಗಿಲು ಪೂರ್ತಿ ತೆರೆದರೂ ಬೂಸ್ಟ್ ಏರುತ್ತಲೇ ಹೋಗುತ್ತದೆ. ಇದಕ್ಕೆ ಬೂಸ್ಟ್ ಕ್ರೀಪ್ ಎನ್ನುತ್ತಾರೆ. ಚಳಿಗಾಲದ ಬೆಳಿಗ್ಗೆ, ಗಟ್ಟಿ ಗಾಳಿಯಲ್ಲಿ, ಮೇಲಿನ ಗೇರಿನಲ್ಲಿ ಇದು ಹೆಚ್ಚು. ಅದೃಷ್ಟವಿದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಪೆಟ್ರೋಲ್ ಕಡಿದು ಕಾರು ಜಗ್ಗುತ್ತದೆ. ಇಲ್ಲದಿದ್ದರೆ ಎಂಜಿನ್ ನಾಕ್ ಹೊಡೆಯುತ್ತದೆ, ಅಂದರೆ ಒಳಗಿನ ಪೆಟ್ರೋಲ್ ಹದವಾಗಿ ಉರಿಯದೆ ಸಿಡಿಯುತ್ತದೆ. ಸುಬಾರುವಿನ 2.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ ನಾಕ್‌ಗೆ ಮೊದಲು ಬಲಿಯಾಗುವುದು ಪಿಸ್ಟನ್ ರಿಂಗ್‌ಗಳ ನಡುವಿನ ತೆಳು ಅಂಚು. ಅದು ಒಡೆದರೆ ಎಂಜಿನ್ ಇಳಿಸಲೇಬೇಕು. ಮಜ಼್ದಾ ಆರ್‌ಎಕ್ಸ್-7ರ ಕೊನೆಯ ಪೀಳಿಗೆಯಲ್ಲೂ ಇದೇ ಕಥೆ: ಡೌನ್‌ಪೈಪು, ಉಳಿದ ಹೊಗೆ ಕೊಳವೆ ಎರಡನ್ನೂ ಸಲೀಸು ಮಾಡಿದವರು ವೇಸ್ಟ್‌ಗೇಟ್ ರಂಧ್ರವನ್ನು ಕೊರೆದು ದೊಡ್ಡದು ಮಾಡಬೇಕಾಯಿತು.

ಕೆಲಸ ಮಾಡುವಾಗ ಆಗುವ ತಪ್ಪುಗಳೂ ಬಹುಪಾಲು ಒಂದೇ ಬಗೆಯವು. ಆಕ್ಸಿಜನ್ ಸೆನ್ಸರ್ ಬಿಚ್ಚಲು 22 ಮಿಲಿಮೀಟರಿನ ಸೀಳು ಸಾಕೆಟ್ ಬೇಕು, ಎಂಜಿನ್ ಬೆಚ್ಚಗಿರಬೇಕು. ತಣ್ಣಗಿರುವಾಗ ಬಲ ಹಾಕಿದರೆ ಥ್ರೆಡ್ಡೇ ಕಿತ್ತು ಬರುತ್ತದೆ. ಮತ್ತೆ ಕೂರಿಸುವಾಗ ಥ್ರೆಡ್ಡಿಗೆ ಆಂಟಿಸೀಜ಼್ ಹಚ್ಚಬಹುದು, ತುದಿಗೆ ತಾಗಬಾರದು. ಸಾದಾ ಸಿಲಿಕೋನ್ ಗಮ್ಮಿನ ಆವಿ ಸೆನ್ಸರನ್ನು ಕೊಲ್ಲುತ್ತದೆ, ಆದ್ದರಿಂದ ಫ್ಲ್ಯಾಂಜಿಗೆ ಲೋಹದ ಗ್ಯಾಸ್ಕೆಟ್ಟೇ ಇರಲಿ. ಸೆನ್ಸರ್‌ಗೂ ಮೊದಲು ಕೊಳವೆಯಲ್ಲಿ ಸಣ್ಣ ಸೋರಿಕೆ ಇದ್ದರೆ ಹೊರಗಿನ ಗಾಳಿ ಒಳಗೆ ಎಳೆದುಕೊಂಡು ಸೆನ್ಸರ್ ‘ಪೆಟ್ರೋಲ್ ಕಡಿಮೆ’ ಎನ್ನುತ್ತದೆ, ಇಸಿಯು ಇನ್ನಷ್ಟು ಸುರಿಯುತ್ತದೆ, ಹಿಂದಿರುವ ಕ್ಯಾಟ್ ಕಾದು ಕರಗುತ್ತದೆ. ಆಮೇಲೆ ‘ಕ್ಯಾಟ್ ಕಳಪೆ’ ಎಂದು ಬೈಯುವುದು. ಹಳೆಯ ಕ್ಯಾಟ್ ಕಟ್ಟಿಕೊಂಡಿದೆ ಎಂಬ ಅನುಮಾನವಿದ್ದರೆ ಕೀಳುವ ಮೊದಲು ಮುಂದಿನ ಸೆನ್ಸರ್ ರಂಧ್ರಕ್ಕೆ ಪ್ರೆಷರ್ ಗೇಜ್ ಹಾಕಿ ನೋಡಬೇಕು. ಐಡ್ಲಿಂಗ್‌ನಲ್ಲಿ ಸುಮಾರು 1.25 ಪಿಎಸ್‌ಐ, 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗಿದ್ದರೆ ಕ್ಯಾಟ್ ನಿರಪರಾಧಿ. ಕಟ್ಟಿಕೊಂಡಿದ್ದರೂ ಅದನ್ನು ಕೊಂದವರು ಬೇರೆ ಇರುತ್ತಾರೆ: ಮಿಸ್‌ಫೈರ್, ಆಯಿಲ್ ಕುಡಿಯುವ ಎಂಜಿನ್, ಸೋರುವ ಕೂಲಂಟ್.

ಕಿತ್ತರೂ ಏನೂ ಸಿಗದ ಭಾಗಗಳು

ಇಜಿಆರ್ ವಾಲ್ವ್ ಒಂದಿಷ್ಟು ಹೊಗೆಯನ್ನು ಮತ್ತೆ ಎಂಜಿನ್ನಿಗೆ ಕಳಿಸಿ ಉರಿಯ ಬಿಸಿ ಇಳಿಸುತ್ತದೆ, ನೈಟ್ರೋಜನ್ ಆಕ್ಸೈಡ್ ತಗ್ಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಈ ವಾಲ್ವ್ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲನ್ನು ಕಿತ್ತು ಪವರ್ ಎಲ್ಲಿಂದ ಬರಬೇಕು? ಬದಲಿಗೆ ಅರ್ಧ ಆಕ್ಸಿಲರೇಟರ್‌ನಲ್ಲಿ ಓಡುವಾಗ ನಾಕ್ ಶುರುವಾಗಬಹುದು, ಏಕೆಂದರೆ ಇಸಿಯುವಿನ ಟೈಮಿಂಗ್ ಆ ಹೊಗೆ ಇದೆಯೆಂದೇ ಲೆಕ್ಕ ಹಾಕಿರುತ್ತದೆ.

ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಇಂಗಾಲದ ಡಬ್ಬಿಯಲ್ಲಿ ಹಿಡಿದು, ಓಡುವಾಗ ಎಂಜಿನ್ನಿಗೆ ಎಳೆದುಕೊಳ್ಳುವ ಏರ್ಪಾಡಿನ ಹೆಸರು ಇವ್ಯಾಪ್. ಇದನ್ನು ಕಿತ್ತರೆ ಒಂದೆರಡು ಕಿಲೋ ತೂಕ ಇಳಿಯುತ್ತದೆ, ಅಷ್ಟೇ. ತೆರೆದ ಪೈಪಿನಿಂದ ಕಾರಿನೊಳಗೆ ಪೆಟ್ರೋಲ್ ವಾಸನೆ, ಜೋರು ತಿರುವಿನಲ್ಲಿ ಚೆಲ್ಲುವ ಪೆಟ್ರೋಲ್, ಪಲ್ಟಿಯಾದರೆ ಬೆಂಕಿ. ಡಬ್ಬಿ ಕೆಡುವುದು ಹೆಚ್ಚಾಗಿ ನಮ್ಮ ಅಭ್ಯಾಸದಿಂದಲೇ: ಬಂಕಿನಲ್ಲಿ ನಾಜ಼ಲ್ ಕಟ್ ಆದ ಮೇಲೂ ರೌಂಡ್ ಫಿಗರ್ ಮಾಡಲು ಇನ್ನೊಂದಿಷ್ಟು ಹಾಕಿಸಿದರೆ ಆವಿ ಹೋಗಬೇಕಾದ ದಾರಿಯಲ್ಲಿ ದ್ರವ ಹೋಗಿ ಇಂಗಾಲ ನೆನೆಯುತ್ತದೆ.

ಎಂಜಿನ್ನಿನ ಹೊಟ್ಟೆಯ ಆವಿಯನ್ನು ಎಳೆದು ಮತ್ತೆ ಉರಿಸುವ ಪಿಸಿವಿ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಟರ್ಬೊ ಎಂಜಿನ್ನಿನಲ್ಲಿ ಆಯಿಲ್ ಆವಿ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ ಹೋಗಿ ಕೂರುವುದು, ಪೆಟ್ರೋಲಿನ ಆಕ್ಟೇನ್ ಇಳಿಸುವುದು ನಿಜ. ಅದಕ್ಕೆ ಪರಿಹಾರ ದಾರಿಯ ನಡುವೆ ಕ್ಯಾಚ್ ಕ್ಯಾನ್ ಇಟ್ಟು ಆಯಿಲ್ ಹಿಡಿದು ಗಾಳಿಯನ್ನು ಇನ್‌ಟೇಕ್‌ಗೇ ಹಿಂತಿರುಗಿಸುವುದು. ಪೈಪನ್ನು ಬಿಚ್ಚಿ ರಸ್ತೆಗೆ ಬಿಟ್ಟರೆ ಐಡ್ಲಿಂಗ್‌ನ ಎಳೆತ ತಪ್ಪುತ್ತದೆ, ನೀರಾವಿ ಮತ್ತು ಪೆಟ್ರೋಲ್ ಆಯಿಲ್‌ನಲ್ಲೇ ಉಳಿದು ಕೆಸರಾಗುತ್ತದೆ, ಸೀಲುಗಳು ಒಸರುತ್ತವೆ. ಡಬ್ಲ್ಯುಆರ್‌ಎಕ್ಸ್‌ನ ಇನ್‌ಟೇಕ್‌ನಲ್ಲಿ ತಣ್ಣನೆಯ ಸ್ಟಾರ್ಟ್‌ಗೆಂದು ಇಟ್ಟ ಟಂಬಲ್ ವಾಲ್ವ್‌ಗಳೂ ಇಂಥವೇ. ಬಹಳ ದೊಡ್ಡ ಟರ್ಬೊ ಹಾಕಿದ ಕಾರಿಗೆ ಒಂದಿಷ್ಟು ಪ್ರಯೋಜನ, ಉಳಿದವರಿಗೆ ಬೆಳಿಗ್ಗೆ ನಡುಗುವ ಎಂಜಿನ್.

ಕಾರೇ ಹೇಳುವ ಚಾಡಿ

ಕ್ಯಾಟ್‌ನ ಮುಂದೊಂದು, ಹಿಂದೊಂದು ಸೆನ್ಸರ್. ಕ್ಯಾಟ್ ಆಮ್ಲಜನಕ ಹಿಡಿದಿಡುವುದರಿಂದ ಹಿಂದಿನ ಸೆನ್ಸರಿನ ವೋಲ್ಟೇಜ್ 0.6–0.7ರ ಸುತ್ತ ಹೆಚ್ಚು ಅಲುಗದೆ ಇರಬೇಕು. ಕ್ಯಾಟ್ ಇಲ್ಲದಿದ್ದರೆ ಅದೂ ಮುಂದಿನದರಂತೆ ಏರಿಳಿಯುತ್ತದೆ. ಇಸಿಯು ಪಿ0420 ಕೋಡ್ ಬರೆದು ಲೈಟ್ ಹಚ್ಚುತ್ತದೆ. ಟ್ಯೂನಿಂಗ್ ಸಾಫ್ಟ್‌ವೇರಿನಲ್ಲಿ ಆ ಕೋಡನ್ನೇ ಆರಿಸುವುದು ಬಹಳ ಕಾಲ ನಡೆಯಿತು. ಈಗ ಆ ಬಾಗಿಲು ಮುಚ್ಚುತ್ತಿದೆ. ಕ್ಯಾಲಿಫೋರ್ನಿಯಾದ ಸ್ಮಾಗ್ ಚೆಕ್ ಎಂಬ ಹೊಗೆ ಪರೀಕ್ಷೆಯಲ್ಲಿ 2000 ಮತ್ತು ಆಮೇಲಿನ ಪೆಟ್ರೋಲ್ ಕಾರುಗಳ ಇಸಿಯುವನ್ನೇ ಕೇಳುತ್ತಾರೆ. ಸ್ವಯಂಪರೀಕ್ಷೆಗಳಲ್ಲಿ ಇವ್ಯಾಪ್ ಒಂದು ಮುಗಿಯದಿದ್ದರೆ ಪರವಾಗಿಲ್ಲ, ಬೇರೆ ಯಾವುದು ಬಾಕಿ ಇದ್ದರೂ ಫೇಲ್. ಪರೀಕ್ಷೆಗೆ ಮುಂಚೆ ಸ್ಕ್ಯಾನರ್ ಹಾಕಿ ಕೋಡ್ ಅಳಿಸಿ ಹೋಗುವವರಿಗಾಗಿ 2019ರ ಜುಲೈನಿಂದ ಇನ್ನೊಂದು ಬಲೆ ಇದೆ. 2010 ಮತ್ತು ಆಮೇಲಿನ ಕಾರುಗಳಲ್ಲಿ ಅಳಿಸಲಾಗದ ‘ಪರ್ಮನೆಂಟ್’ ಕೋಡ್ ಓದುತ್ತಾರೆ. ಅಳಿಸಿದ ಮೇಲೆ 200 ಮೈಲಿ ಓಡಿ 15 ಬಾರಿ ಎಂಜಿನ್ ಬಿಸಿಯಾಗಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2021ರ ಜುಲೈ 19ರಿಂದ ಇಸಿಯು ಸಾಫ್ಟ್‌ವೇರಿನ ಗುರುತನ್ನೂ ಕಂಪನಿಯದ್ದರೊಂದಿಗೆ ತಾಳೆ ನೋಡುತ್ತಾರೆ. ಹೊಂದದಿದ್ದರೆ, ಆ ಟ್ಯೂನಿಗೆ ಅಲ್ಲಿನ ವಾಯು ಮಂಡಳಿಯ ಆದೇಶ ಸಂಖ್ಯೆ ಇಲ್ಲದಿದ್ದರೆ, ಹೊಗೆ ಎಷ್ಟೇ ಶುದ್ಧವಿದ್ದರೂ ಫೇಲ್.

ಈ ಕೊನೆಯದು ಪ್ರಾಮಾಣಿಕ ಮಾಡಿಫೈಗಾರರಿಗೆ ಅನ್ಯಾಯ ಎನ್ನಿಸುವ ಜಾಗ. ಒಳ್ಳೆಯ ಲೋಹದ ಕ್ಯಾಟ್ ಹಾಕಿ ಹೊಗೆ ಮಿತಿಯೊಳಗೆ ಇಟ್ಟವನೂ, ಏನೂ ಇಲ್ಲದ ಕೊಳವೆ ಹಾಕಿದವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಕ್ಯಾಟ್ ಉಳಿಸಿಕೊಳ್ಳಲು ಅವನಿಗೆ ಕಾನೂನು ಕೊಡುವ ಪ್ರೋತ್ಸಾಹ ಸೊನ್ನೆ.

ಅಮೆರಿಕದ ಕೇಂದ್ರ ಕಾನೂನು ಕ್ಲೀನ್ ಏರ್ ಆ್ಯಕ್ಟ್. ಅದರ 203ನೇ ಸೆಕ್ಷನ್ ಪ್ರಕಾರ ಹೊಗೆ ನಿಯಂತ್ರಣದ ಭಾಗ ಕೀಳುವುದೂ ತಪ್ಪು, ಅದನ್ನು ನಿಷ್ಫಲಗೊಳಿಸುವ ಸಾಮಾನು ಮಾರುವುದೂ ತಪ್ಪು. 2020ರ ಲೆಕ್ಕದಲ್ಲಿ ಅಂಥ ಒಂದೊಂದು ಸಾಮಾನಿಗೆ ದಂಡದ ಮಿತಿ 4,819 ಡಾಲರ್ ಇತ್ತು. ‘ರೇಸಿಗೆ ಮಾತ್ರ’ ಎಂಬ ಸ್ಟಿಕ್ಕರ್ ರಕ್ಷೆ ಎಂದು ಹಲವರು ನಂಬಿದ್ದಾರೆ. ರಸ್ತೆಗೆಂದು ಪ್ರಮಾಣಿತವಾದ ಕಾರನ್ನು ರೇಸ್ ಕಾರು ಮಾಡಿದರೂ ವಿನಾಯಿತಿ ಇಲ್ಲ ಎಂದು ಪರಿಸರ ಸಂಸ್ಥೆ ಇಪಿಎ 2015ರ ಕರಡಿನಲ್ಲಿ ಬರೆಯಿತು, ಗದ್ದಲವಾಗಿ 2016ರಲ್ಲಿ ಆ ಸಾಲನ್ನು ಕೈಬಿಟ್ಟಿತು. ರೇಸ್ ಕಾರುಗಳಿಗೆ ಸ್ಪಷ್ಟ ವಿನಾಯಿತಿ ಕೇಳುವ ಆರ್‌ಪಿಎಂ ಮಸೂದೆ ಅದೇ ವರ್ಷದಿಂದ ಸಂಸತ್ತಿಗೆ ಮತ್ತೆ ಮತ್ತೆ ಬಂದಿದೆ. ಸಂಸ್ಥೆಯ ಕಣ್ಣು ಇರುವುದು ಒಂಟಿ ಮಾಲೀಕನಿಗಿಂತ ಮಾರುವವರ ಮೇಲೆ. ಸುಬಾರು ಮಾಲೀಕರ ಮೆಚ್ಚಿನ ಕಾಬ್ ಟ್ಯೂನಿಂಗ್ ಕಂಪನಿ 2022ರ ಏಪ್ರಿಲ್‌ನಲ್ಲಿ ತನ್ನ ಸಾಧನದಿಂದ ಹೊಗೆ ಸಂಬಂಧಿ ಕೋಡ್‌ಗಳನ್ನು ಆರಿಸುವ ಸೌಲಭ್ಯವನ್ನೇ ತೆಗೆಯಿತು.

ಇಷ್ಟೆಲ್ಲ ಬಿಗಿಗೆ ಸ್ಪೋರ್ಟ್ಸ್ ಕಾರುಗಳು ಮಾತ್ರ ಕಾರಣವಲ್ಲ. 2020ರ ಇಪಿಎ ವರದಿಯೊಂದರ ಅಂದಾಜಿನಂತೆ ಹತ್ತು ವರ್ಷದಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ ಟ್ರಕ್ಕುಗಳಿಂದ ಈ ಭಾಗಗಳನ್ನು ಕಿತ್ತಿದ್ದರು. ಅವುಗಳ ಆಯುಷ್ಯದಲ್ಲಿ ಹೆಚ್ಚುವರಿ ನೈಟ್ರೋಜನ್ ಆಕ್ಸೈಡ್ 5,70,000 ಟನ್. ವಾರಾಂತ್ಯಕ್ಕೆ ಮಾತ್ರ ಹೊರಬೀಳುವ ಡಬ್ಲ್ಯುಆರ್‌ಎಕ್ಸ್‌ಗಳ ಪಾಲು ಇದರ ಮುಂದೆ ಚಿಕ್ಕದು. ಆದರೆ ಟರ್ಬೊ ಪೆಟ್ರೋಲ್ ಕಾರು ಜೋರು ಓಡುವಾಗ ಪೆಟ್ರೋಲ್ ಹೆಚ್ಚು ಸುರಿಯುತ್ತದೆ, ಆ ಹೊತ್ತಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 5 ಮೀರಬಹುದು. ಕ್ಯಾಟ್ ಇಲ್ಲದ ಕಾರಿನ ಕೊಳವೆ ಸೋರಿ ಡಿಕ್ಕಿಯ ರಬ್ಬರಿನ ಮೂಲಕ ಒಳಗೆ ಬಂದರೆ ಮೊದಲು ಕುಡಿಯುವವರು ಸೀಟಿನಲ್ಲಿ ಕೂತವರೇ.

ಇಲ್ಲಿ ಹೇಗೆ

ಸುಬಾರು ನಮ್ಮಲ್ಲಿ ಮಾರಾಟವಾಗದಿದ್ದರೂ ಬೆಂಗಳೂರಿನಲ್ಲಿ ಪೋಲೊ, ಆಕ್ಟೇವಿಯಾದಂಥ ಟರ್ಬೊ ಕಾರುಗಳಿಗೆ ಕ್ಯಾಟ್ ಇಲ್ಲದ ಡೌನ್‌ಪೈಪ್ ಸಿಗುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿಯ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2019ರ ತಿದ್ದುಪಡಿಯ 182ಎ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. 190(2)ರಲ್ಲಿ ಶಬ್ದ ಮತ್ತು ಹೊಗೆಯ ತಪ್ಪಿಗೆ 10,000 ರೂಪಾಯಿವರೆಗೆ ದಂಡ.

ಹಿಡಿಯುವ ಬಲೆ ಮಾತ್ರ ಸಡಿಲ. ನಮ್ಮ ಎಮಿಷನ್ ಟೆಸ್ಟ್ ನಿಂತ ಕಾರಿನ ಪರೀಕ್ಷೆ. ಈಚಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.3, ಹೈಡ್ರೋಕಾರ್ಬನ್ 200 ಪಿಪಿಎಂ, 2,500 ಆರ್‌ಪಿಎಂ ಸುತ್ತ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.2 ಎಂಬ ಮಿತಿ. ಕ್ಯಾಟ್ ಇಲ್ಲದ ಎಂಜಿನ್ ಸಾಮಾನ್ಯವಾಗಿ ಅರ್ಧ ಶೇಕಡಾ ಮೀರುವುದರಿಂದ, ಪ್ರೋಬ್ ಸರಿಯಾಗಿ ಒಳಗೆ ಹಾಕಿ ನೋಡಿದರೆ ಸಿಕ್ಕಿಬೀಳಬೇಕು. ಆದರೆ ನೈಟ್ರೋಜನ್ ಆಕ್ಸೈಡನ್ನು ಯಾರೂ ಅಳೆಯುವುದಿಲ್ಲ, ಇಸಿಯುವಿಗೆ ಸ್ಕ್ಯಾನರ್ ಹಾಕುವುದಿಲ್ಲ. 2023ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ನಿಜವಾದ ರಸ್ತೆಯ ಮೇಲೆ ಹೊಗೆ ಪರೀಕ್ಷೆ ಕಡ್ಡಾಯವಾಗಿದೆ. ಅದೇ ಕಾರು ಷೋರೂಮು ದಾಟಿದ ಮೇಲೆ ಅದರ ಕಂಪ್ಯೂಟರ್ ಹೇಳುವುದನ್ನು ಕೇಳುವವರಿಲ್ಲ. ಇನ್ನೊಂದು ಎಚ್ಚರ: ಹೊರದೇಶದಿಂದ ತರಿಸಿದ ಟ್ಯೂನ್ ಫೈಲು ಅಲ್ಲಿನ ಪೆಟ್ರೋಲಿಗೆ ಬರೆದದ್ದು. ಇಲ್ಲಿನ ಪೆಟ್ರೋಲು ಹಾಕಿ ನಾಕ್ ಲಾಗ್ ನೋಡದೆ ಓಡಿಸಬಾರದು.

ಮಾಡಿಫೈ ಆದ ಹಳೆಯ ಕಾರು ಕೊಳ್ಳುವವರು ಸ್ಕ್ಯಾನರ್ ಹಾಕಿ ಕೋಡ್ ಮಾತ್ರ ನೋಡಿ ತೃಪ್ತರಾಗಬಾರದು. ಕ್ಯಾಟ್ ಮತ್ತು ಇವ್ಯಾಪ್ ಪರೀಕ್ಷೆಗಳು ಮುಗಿದಿವೆಯೇ, ಕೋಡ್ ಅಳಿಸಿ ಎಷ್ಟು ಕಿಲೋಮೀಟರ್ ಆಯಿತು ಎಂಬುದನ್ನೂ ಓದಬೇಕು. ಹಿಂದಿನ ಸೆನ್ಸರ್ ಕೊಳವೆಯಿಂದ ಒಂದಿಂಚು ಎದ್ದು ನಿಂತಿದ್ದರೆ ನಡುವೆ ಏನೋ ತುರುಕಿದ್ದಾರೆಂದು ತಿಳಿಯಬೇಕು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರು ಹಳೆಯ ಡಬ್ಲ್ಯುಆರ್‌ಎಕ್ಸ್ ಕೊಳ್ಳುವಾಗ 90 ದಿನದೊಳಗಿನ ಸ್ಮಾಗ್ ಪ್ರಮಾಣಪತ್ರ ಕೊಡುವ ಹೊಣೆ ಮಾರುವವನದು ಎಂಬುದನ್ನು ನೆನಪಿಡಬೇಕು. ಫ್ಲಾರಿಡಾದಂಥ ಪರೀಕ್ಷೆಯೇ ಇಲ್ಲದ ರಾಜ್ಯದಿಂದ ಕಾರು ತಂದರೆ ಕ್ಯಾಲಿಫೋರ್ನಿಯಾದ ರಿಜಿಸ್ಟ್ರೇಷನ್‌ಗೂ ಮೊದಲು ಅದೇ ಪರೀಕ್ಷೆ ಎದುರಾಗುತ್ತದೆ. ಆದ್ದರಿಂದ ಅಂಥ ಕಾರಿನ ಬೆಲೆ ಮಾತಾಡುವಾಗ ಹಳೆಯ ಅಪ್‌ಪೈಪು, ಡೌನ್‌ಪೈಪು, ಇಂಗಾಲದ ಡಬ್ಬಿ ಮಾರುವವನ ಗ್ಯಾರೇಜಿನ ಮೂಲೆಯಲ್ಲಿ ಇನ್ನೂ ಇವೆಯೇ ಎಂದು ಕೇಳಿ, ಇದ್ದರೆ ಕಾರಿನ ಜೊತೆಗೇ ಬರೆಸಿಕೊಳ್ಳಬೇಕು. ಇಲ್ಲದಿದ್ದರೆ ಅವುಗಳ ಬೆಲೆಯನ್ನು ಅಲ್ಲೇ ಕಳೆಯಬೇಕು.